ಒಂಬತ್ತು ಮೀಟರಿನ ಸುತ್ತು

ಹಗ್ಗದಣ್ಣನ ಹೆಗಲ ಮೇಲೆ ಹಗ್ಗವಿಲ್ಲದ್ದನ್ನು ಕಂಡವರು ಕಡಿಮೆ. ಹೊಲವಿದ್ದ ಕಾಲದಲ್ಲಿ ಸಾಲಿನ ನೇರಕ್ಕೆ, ಬಾವಿಯ ಆಳಕ್ಕೆ, ಬಣವೆಯ ಬುಡಕ್ಕೆ ಎಲ್ಲಕ್ಕೂ ಅದೇ ಹಗ್ಗ. ಹೊಲ ಹೋಗಿ ಅಲ್ಲಿ ಬಡಾವಣೆ ಎದ್ದ ಮೇಲೂ ಅದು ಹೆಗಲಿನಿಂದ ಇಳಿಯಲಿಲ್ಲ. "ತಲೆದಿಂಬಿನ ಪಕ್ಕ ಹಗ್ಗ ಇಟ್ಕೊಂಡು ಮಲಗೋ ಗಂಡನ್ನ ನೋಡಿದ್ರೆ ಜನ ನನ್ನ ಬಗ್ಗೆ ಏನಂದ್ಕೊಳ್ಳಲ್ಲ?" ಎಂದು ಹೆಂಡತಿ ಕೇಳಿ ಕೇಳಿ ಸಾಕಾಗಿ ಬಿಟ್ಟಿದ್ದಳು.

ಹೊಲ ಅವನದೂ ಅವನ ತಂಗಿಯದೂ ಸೇರಿ ಒಂದೇ ತುಂಡು. ಊರು ಮುಂದಿನಿಂದ ಬೆಳೆಯುತ್ತ ಬಂದು ಬದುವಿಗೆ ಮೂಗು ತಾಗಿಸಿ ನಿಂತಿತ್ತು. ಹಿಂದುಗಡೆ ಕಾರ್ಖಾನೆಗಳಿಗೆಂದು ದೊಡ್ಡ ಬಡಾವಣೆಯೊಂದು ಆಗಿ, ಗೋದಾಮುಗಳ ತಗಡಿನ ಚಾವಣಿ ಸಾಲಾಗಿ ಎದ್ದಿತ್ತು. ನಡುವೆ ಉಳಿದ ನೆಲದಲ್ಲಿ ಬಿತ್ತಿದರೆ ಬೆಳೆಗಿಂತ ಮೊದಲು ಪ್ಲಾಸ್ಟಿಕ್ ಚೀಲ ಮೇಲೇಳುತ್ತಿದ್ದವು. ಅಣ್ಣ ತಂಗಿ ಕೂತು ಮಾತಾಡಿದರು, ಮನೆಗಳ ಬಡಾವಣೆ ಮಾಡುವುದೆಂದು ತೀರ್ಮಾನವಾಯಿತು. ಓಡಾಟವೆಲ್ಲ ಅಣ್ಣನದು. ತಂಗಿ ಬಸ್ಸಿನಲ್ಲಿ ಕಂಡಕ್ಟರು, ಅವಳಿಗೆ ಬಿಡುವೆಲ್ಲಿ? "ನೀನು ಮಾಡಿದ್ದೇ ಸರಿ, ನನಗೊಂದು ಸೈಟು ಬಿಟ್ಟು ಉಳಿದದ್ದು ಏನಾದ್ರೂ ಮಾಡು," ಎಂದಿದ್ದಳು.

ಮನೆಗಳ ಬಡಾವಣೆಗೆ ರಸ್ತೆ ಹೇಗಿರಬೇಕೆಂದು ನಗರ ಯೋಜನೆಯ ಕಚೇರಿಯಲ್ಲಿ ಒಂದು ನಿಯಮದ ಪುಸ್ತಕವಿತ್ತು. ಅಲ್ಲಿನ ಇಂಜಿನಿಯರು ತಾಳ್ಮೆಯ ಮನುಷ್ಯ. ನಕ್ಷೆ ಬಿಡಿಸುವ ಮೊದಲು ಹಗ್ಗದಣ್ಣನನ್ನು ಕೂರಿಸಿಕೊಂಡು ಬಿಡಿಸಿ ಹೇಳಿದರು. ಮನೆಗಳಿರುವ ಬೀದಿ ಏಳು ಮೀಟರು ಸಾಕು, ಮೂಲೆಗಳು ಬಿಗಿಯಾಗಿರಬೇಕು, ತಿರುಗುವ ಗಾಡಿ ತಾನಾಗಿ ನಿಧಾನವಾಗಬೇಕು. ಕಾರ್ಖಾನೆಯ ರಸ್ತೆ ಅದರ ಎರಡರಷ್ಟು ಅಗಲ, ಅಲ್ಲಿನ ಮೂಲೆಗಳನ್ನು ಉದ್ದದ ಲಾರಿಗಳಿಗೆಂದೇ ದುಂಡಗೆ ಬಳಸಿ ಬಿಟ್ಟಿರುತ್ತಾರೆ. ಇವೆರಡನ್ನೂ ಒಂದಕ್ಕೊಂದು ಕೂಡಿಸಬಾರದು. ಹಾಗಾಗಿ ಹಗ್ಗದಣ್ಣನ ಮೂರು ಬೀದಿಗಳಲ್ಲಿ ಎರಡು ಆ ಕಡೆಯಿಂದ ಈ ಕಡೆಗೆ ಹಾದುಹೋಗುತ್ತಿದ್ದವು, ಮೂರನೆಯದು ಕಾರ್ಖಾನೆಗಳ ಬೇಲಿಗೆ ಮುಖ ಕೊಟ್ಟು ಅಲ್ಲೇ ನಿಲ್ಲುತ್ತಿತ್ತು.

"ನಿಲ್ಲೋ ಬೀದಿಗೆ ಕೊನೇಲಿ ಒಂದು ಸುತ್ತು ಬೇಕು," ಎಂದರು ಇಂಜಿನಿಯರು. "ಕಸದ ಲಾರಿ ಬಂತು, ನೀರಿನ ಟ್ಯಾಂಕರ್ ಬಂತು, ಬೆಂಕಿ ಬಿದ್ರೆ ಬೆಂಕಿ ಆರಿಸೋ ಗಾಡಿ ಬಂತು. ಅವು ತಿರುಗಿಸ್ಕೊಂಡು ಹೋಗಬೇಕಲ್ಲ? ಒಂಬತ್ತು ಮೀಟರ್ ಸುತ್ತು. ಅದಕ್ಕಿಂತ ಒಂದು ಗೇಣು ಕಡಿಮೆಯಾದ್ರೂ ನಾನು ಸಹಿ ಹಾಕಲ್ಲ."

"ಸುತ್ತು ಎಳೆಯೋದು ನನಗೆ ಹೇಳ್ಕೊಡ್ತೀರಾ ಸ್ವಾಮಿ," ಎಂದು ಹಗ್ಗದಣ್ಣ ನಕ್ಕ. "ವರ್ಷಾ ವರ್ಷಾ ಕಣ ಮಾಡಿದ ಕೈ ಇದು."

ಎಡವಟ್ಟಾದದ್ದು ಅಲ್ಲಿಯೇ. ತೆನೆ ತುಳಿಸುವ ಕಣಕ್ಕೂ ನಡುವೆ ಒಂದು ಮೇಟಿಕಂಬ ನೆಟ್ಟು, ಅದಕ್ಕೆ ಹಗ್ಗ ಕಟ್ಟಿಯೇ ಸುತ್ತು ಎಳೆಯುವುದು. ಆದರೆ ಕಣ ಎಷ್ಟು ದೊಡ್ಡದು ಎಂದು ಕೇಳಿದರೆ ಯಾರೂ ಮೇಟಿಯಿಂದ ಅಂಚಿಗೆ ಹೇಳುವುದಿಲ್ಲ, ಈ ಅಂಚಿನಿಂದ ಆ ಅಂಚಿಗೆ ಹೇಳುತ್ತಾರೆ. ಇಪ್ಪತ್ತು ಮೊಳದ ಕಣವೆಂದರೆ ಇಪ್ಪತ್ತು ಮೊಳದ ಹಗ್ಗವನ್ನು ಮಡಚಿ, ಅರ್ಧ ಮಾಡಿ ಮೇಟಿಗೆ ಕಟ್ಟಬೇಕು. ಇದನ್ನು ಯಾರೂ ಯಾರಿಗೂ ಹೇಳಿಕೊಟ್ಟದ್ದಲ್ಲ, ಕೈಗೆ ಬಂದದ್ದು. ನಕ್ಷೆಯಲ್ಲಿ ಸುತ್ತಿನ ನಡುವಿನಿಂದ ಅಂಚಿನವರೆಗೆ ಬಾಣದ ಗುರುತು ಹಾಕಿ ಒಂಬತ್ತು ಎಂದು ಬರೆದಿತ್ತು. ಹಗ್ಗದಣ್ಣ ಒಂಬತ್ತನ್ನು ನೋಡಿದ, ಬಾಣವನ್ನು ನೋಡಲಿಲ್ಲ. ಒಂಬತ್ತು ಮೀಟರು ಹಗ್ಗ ಅಳೆದ, ಮಡಚಿದ, ಗೂಟಕ್ಕೆ ಕಟ್ಟಿ ಸುಣ್ಣದಲ್ಲಿ ಸುತ್ತು ಎಳೆದ. ಏಳು ಮೀಟರಿನ ಬೀದಿಯ ಕೊನೆಯಲ್ಲಿ ಅದು ಸುತ್ತೆಂದೇ ಕಾಣಲಿಲ್ಲ, ಬೀದಿಯ ತುದಿ ಸ್ವಲ್ಪ ಊದಿಕೊಂಡಂತೆ ಕಂಡಿತು. 'ಇಷ್ಟಕ್ಕೆ ಇವರು ಅಷ್ಟೊಂದು ಮಾತಾಡಿದರಲ್ಲ' ಎಂದು ಅವನಿಗೆ ಅನ್ನಿಸಿತ್ತು. ಸರ್ಕಾರದವರು ಕೇಳುವುದಕ್ಕೆಲ್ಲ ಅರ್ಥ ಹುಡುಕುತ್ತ ಕೂತರೆ ಕೆಲಸ ಆಗುತ್ತದೆಯೇ ಎಂದುಕೊಂಡು ಕಲ್ಲು ನೆಡಿಸಿದ.

ಆ ತುದಿಯಲ್ಲಿ ಎದುರುಬದುರು ಎರಡು ಸೈಟು. ಒಂದನ್ನು ನಿವೃತ್ತ ಪೋಸ್ಟ್‌ಮಾಸ್ತರರು ಕೊಂಡು ತಂತಿ ಬೇಲಿ ಹಾಕಿ ಹುಲ್ಲು ಬೆಳೆಯಲು ಬಿಟ್ಟಿದ್ದರು. ಇನ್ನೊಂದು ತಂಗಿಯದು. ಬೀದಿ ಅಲ್ಲಿಗೇ ಮುಗಿಯುತ್ತದೆ, ಗಲಾಟೆಯಿಲ್ಲ ಎಂದು ಅಣ್ಣನೇ ಆರಿಸಿ ಕೊಟ್ಟದ್ದು.

ಕಂಡಕ್ಟರಮ್ಮ ಮನೆಯ ಬಗ್ಗೆ ಮಾತಾಡುವಾಗ ಅಡುಗೆಮನೆಯಿಂದ ಶುರುಮಾಡುತ್ತಿರಲಿಲ್ಲ, ಜಗಲಿಯಿಂದ ಶುರುಮಾಡುತ್ತಿದ್ದಳು. ಬೆಳಗ್ಗಿನಿಂದ ಸಂಜೆಯವರೆಗೆ ಓಡುವ ಬಸ್ಸಿನಲ್ಲಿ ನಿಂತೇ ಇರುವವಳು. ಬಾಡಿಗೆಯ ಕೋಣೆಯಲ್ಲಿ ಕಾಲು ಚಾಚಿದರೆ ಪಾತ್ರೆಗೆ ತಾಗುತ್ತಿತ್ತು. ಗಂಡ ಹಾಸ್ಟೆಲ್ಲಿನ ಅಡುಗೆಯವನು, ಅವನು ಬರುವುದು ವಾರಕ್ಕೊಮ್ಮೆ. "ಬೀದಿಗೆ ಮುಖ ಮಾಡಿ ಒಂದು ಅಗಲದ ಜಗಲಿ ಹಾಕ್ಕೊಡಿ ಮೇಸ್ತ್ರಿ. ಹಿಂದೆ ಎರಡು ಕೋಣೆ ನಿಮ್ಮ ಇಷ್ಟ," ಎಂದಿದ್ದಳು. ಮೇಸ್ತ್ರಿ ಹಾಗೆಯೇ ಅಡಿಪಾಯ ಹಾಕಿ, ಸೈಜುಗಲ್ಲಿನ ತಳಪಾಯವನ್ನು ಮೊಣಕಾಲೆತ್ತರಕ್ಕೆ ಏರಿಸಿದ್ದ. ರಜೆ ಸಿಕ್ಕಾಗ ಅವಳು ಬಂದು ಆ ಕಲ್ಲಿನ ಮೇಲೆ ಕಾಲು ಇಳಿಬಿಟ್ಟುಕೊಂಡು ಕೂರುತ್ತಿದ್ದಳು. ಮನೆ ಇರಲಿಲ್ಲ, ಜಗಲಿ ಇತ್ತು.

ರಸ್ತೆಗಳನ್ನು ಊರಿನ ಸುಪರ್ದಿಗೆ ಒಪ್ಪಿಸುವ ಮೊದಲು ಇಂಜಿನಿಯರು ಅಳೆದು ನೋಡಬೇಕು. ಮೂರರ ಅಳತೆಯೂ ಸರಿಯಾದರೆ ಮಾತ್ರ ನಲ್ಲಿಗೆ ನೀರು, ಕಂಬಕ್ಕೆ ದೀಪ. ಬೀದಿಗಳಲ್ಲಿ ಆಗಲೇ ಮನೆ ಕಟ್ಟಿದ್ದವರು ದಾರಿ ಕಾಯುತ್ತಿದ್ದರು. ಇಂಜಿನಿಯರು ಬಂದ ದಿನ ಹಗ್ಗದಣ್ಣ ಹೊಸ ಅಂಗಿ ಹಾಕಿಕೊಂಡು ಮುಂದೆ ನಡೆದ. ಒಂದನೇ ಬೀದಿ ಸರಿಯಿತ್ತು. ಎರಡನೆಯದೂ ಸರಿ. ಮೂರನೆಯದರ ತುದಿಗೆ ಬಂದು ಇಂಜಿನಿಯರು ಸುತ್ತಮುತ್ತ ನೋಡಿದರು.

"ಸುತ್ತು ಎಲ್ಲಿ?"

"ನೀವು ಅದರ ಮೇಲೇ ನಿಂತಿದೀರಿ ಸ್ವಾಮಿ."

ಇಂಜಿನಿಯರು ತಮ್ಮ ಕಾಲ ಕೆಳಗೆ ನೋಡಿಕೊಂಡರು. ಆಮೇಲೆ ನಕ್ಷೆ ಬಿಚ್ಚಿದರು. ಬೆರಳನ್ನು ನಡುವೆ ಇಟ್ಟು ಬಾಣದ ಮೇಲೆ ಅಂಚಿನವರೆಗೆ ಎಳೆದರು. ಅಷ್ಟೇ ಸಾಕಾಯಿತು. ಹಗ್ಗದಣ್ಣನ ಕಣ್ಣು ನಕ್ಷೆಯಿಂದ ನೇರ ತಂಗಿಯ ತಳಪಾಯದ ಮೇಲೆ ಹೋಗಿ ಕೂತಿತು. ಅಲ್ಲಿ ಮೇಸ್ತ್ರಿ ಕರಣೆ ಹಿಡಿದುಕೊಂಡು ಕಿವಿ ನಿಮಿರಿಸಿ ನಿಂತಿದ್ದ.

"ಅದಕ್ಕೇ ನಾನು ಹೇಳ್ತಾ ಇದ್ದೆ," ಎಂದ ಮೇಸ್ತ್ರಿ. "ನೀರಿನ ಟ್ಯಾಂಕರಿನವನು ಇಲ್ಲಿಂದ ಆ ತುದಿವರೆಗೂ ಹಿಂದಕ್ಕೇ ಓಡಿಸ್ಕೊಂಡು ಹೋಗ್ತಾನೆ. ಹೋಗ್ತಾ ಹೋಗ್ತಾ ನಮ್ಮ ವಂಶದಲ್ಲಿ ಒಬ್ಬರನ್ನೂ ಬಿಡದೆ ಬೈತಾನೆ."

ಸುತ್ತು ಸರಿಮಾಡಿದರೆ ಎರಡೂ ಕಡೆಯ ಸೈಟಿನ ಮುಂಭಾಗ ಹೋಗುತ್ತದೆ. ಪೋಸ್ಟ್‌ಮಾಸ್ತರರದು ಹುಲ್ಲು. ತಂಗಿಯದು ಜಗಲಿ ಪೂರ್ತಿ, ಹಿಂದಿನ ಕೋಣೆ ಅರ್ಧ. ಮಿಕ್ಕ ಸೈಟುಗಳೆಲ್ಲ ಮಾರಿ ಆಗಿದ್ದವು, ಬದಲಿಗೆ ಕೊಡಲು ಇನ್ನೊಂದು ಇರಲಿಲ್ಲ.

"ತಪ್ಪು ನನ್ನದೂ ಇದೆ, ಕಲ್ಲು ನೆಟ್ಟ ದಿನವೇ ಬಂದು ನೋಡಬೇಕಿತ್ತು," ಎಂದರು ಇಂಜಿನಿಯರು. ಅದು ಸಮಾಧಾನಕ್ಕೆ ಹೇಳಿದ ಮಾತು. ಕಲ್ಲು ನೆಟ್ಟವನು ಯಾರೆಂದು ಮೂವರಿಗೂ ಗೊತ್ತಿತ್ತು.

ಸುದ್ದಿ ಬೇಲಿ ದಾಟಲು ಹೊತ್ತು ಹಿಡಿಯಲಿಲ್ಲ. ಬೇಲಿಯಾಚೆ ಮೊದಲ ಗೋದಾಮು ಯಾರದೋ ಅವರನ್ನು ಎಲ್ಲರೂ ಗೋದಾಮು ಸಾಹುಕಾರ ಎನ್ನುತ್ತಿದ್ದರು. ಮರುದಿನ ಅವರೇ ಹಗ್ಗದಣ್ಣನ ಮನೆಗೆ ಬಂದು ಕುರ್ಚಿ ಎಳೆದುಕೊಂಡು ಕೂತರು.

"ಇಷ್ಟಕ್ಕೆ ಯಾಕೆ ತಲೆ ಕೆಡಿಸ್ಕೊಂಡಿದೀಯಪ್ಪ? ಬೇಲಿ ಅಂದ್ರೆ ಸಿಮೆಂಟಿನ ಹಲಗೆ. ನಾಲ್ಕು ಜನ ಎತ್ತಿದ್ರೆ ಹೋಯ್ತು. ನಿನ್ನ ಬೀದಿ ನಮ್ಮ ರಸ್ತೆಗೆ ಸೇರಿಬಿಟ್ರೆ ಅದು ನಿಲ್ಲೋ ಬೀದಿಯೇ ಅಲ್ಲ. ನಿಲ್ಲದ ಮೇಲೆ ಸುತ್ತು ಯಾಕೆ ಬೇಕು? ನಿನ್ನ ತಂಗಿ ಮನೆ ಒಂದು ಕಲ್ಲು ಅಲ್ಲಾಡಲ್ಲ."

ಹಗ್ಗದಣ್ಣ ಇಂಜಿನಿಯರನ್ನು ಕೇಳಿದ. "ಪುಸ್ತಕದಲ್ಲಿ ಬೇಡ ಅಂತಿದೆ," ಎಂದರು ಅವರು. "ಆದ್ರೆ ಎರಡೂ ಕಡೆಯವರು ಒಪ್ಪಿ ಅರ್ಜಿ ಕೊಟ್ರೆ ಮೇಲಿನವರು ಕೊಡ್ತಾರೆ. ಕೊಟ್ಟಿದ್ದೂ ಇದೆ. ನೀವು, ನಿಮ್ಮ ತಂಗಿ ಇಬ್ಬರೂ ಸಹಿ ಹಾಕ್ಬೇಕು. ನನ್ನನ್ನ ಕೇಳಿದ್ರೆ ಬೇಡ ಅಂತೀನಿ, ಆದ್ರೆ ಮನೆ ನಂದಲ್ಲ."

ಸಂಜೆ ಅರ್ಜಿಯ ಕಾಗದದೊಂದಿಗೆ ತಂಗಿಯ ಬಾಡಿಗೆ ಕೋಣೆಗೆ ಹೋಗಿ ಹಗ್ಗದಣ್ಣ ಎಲ್ಲವನ್ನೂ ಹೇಳಿದ. ಅವಳು ಸಮವಸ್ತ್ರ ಕೂಡ ಬಿಚ್ಚಿರಲಿಲ್ಲ. ಗೋಡೆಗೆ ಒರಗಿ, ಊದಿದ ಪಾದಗಳನ್ನು ಬಕೆಟ್ಟಿನ ಬಿಸಿನೀರಿನಲ್ಲಿ ಇಟ್ಟುಕೊಂಡು ಕೇಳಿಸಿಕೊಂಡಳು.

"ಮಡಚಿದೆಯಾ?"

"ಮಡಚಿದೆ."

"ಬಾಣ ಇದ್ದದ್ದು ಕಾಣಲಿಲ್ಲ."

"ಕಂಡಿದ್ರೆ ಇಲ್ಲಿ ಕೂತಿರ್ತಿದ್ನಾ?"

ಅವಳು ನೀರಿನಲ್ಲಿ ಕಾಲು ಅಲ್ಲಾಡಿಸಿದಳು. "ಹೋಗ್ಲಿ ಬಿಡು. ಬೇಲಿ ತೆಗೆಯೋದಾದ್ರೆ ತೆಗೀಲಿ. ಅರ್ಜಿ ಎಲ್ಲಿ, ಕೊಡು."

ಹಗ್ಗದಣ್ಣ ಕೊಡಲಿಲ್ಲ. ಆ ದಿನ ಮಧ್ಯಾಹ್ನ ಅವನು ಬೇಲಿಯಾಚೆ ಹೋಗಿ ಗೋದಾಮಿನ ಎದುರಿನ ಚಹಾ ಅಂಗಡಿಯ ಬೆಂಚಿನ ಮೇಲೆ ಬಹಳ ಹೊತ್ತು ಕೂತಿದ್ದ. ಅಲ್ಲಿನ ರಸ್ತೆಯನ್ನು ನೋಡಿದರೆ ಮೆಚ್ಚಬೇಕು. ಎರಡು ಲಾರಿ ಅಕ್ಕಪಕ್ಕ ಹೋದರೂ ನಡುವೆ ಹಸು ನಡೆಯಬಹುದು. ಮೂಲೆಯಲ್ಲಿ ಉದ್ದದ ಲಾರಿ ನೀರು ಹರಿದಂತೆ ತಿರುಗುತ್ತಿತ್ತು. ಅಲ್ಲಿ ರಸ್ತೆಗೆ ಬಾಗಿಲು ತೆರೆದುಕೊಂಡ ಮನೆಯಿಲ್ಲ, ಹೊಸ್ತಿಲ ಮೇಲೆ ಕೂತು ತಲೆ ಬಾಚಿಕೊಳ್ಳುವವರಿಲ್ಲ. ಲಾರಿಗಳಿಗೆಂದು ಮಾಡಿದ ರಸ್ತೆ ಲಾರಿಗಳಿಗೆ ಸರಿಯಾಗಿತ್ತು. ಅದೇ ಓಟದಲ್ಲಿ ಅವು ಏಳು ಮೀಟರಿನ ಬೀದಿಯೊಳಗೆ ಬರುವುದನ್ನು ಅವನು ಕಣ್ಣೆದುರು ತಂದುಕೊಂಡು ನೋಡಿದ್ದ.

"ಬೇಡ ಕಣೇ," ಎಂದ. "ಲಾರಿ ಬರ್ತಾವೆ."

"ಬರ್ಲಿ. ನಾನೇನು ಲಾರಿ ನೋಡ್ದೋಳಲ್ವಾ? ಇಂಜಿನ್ ಸದ್ದಿಲ್ಲದಿದ್ರೆ ನನಗೆ ನಿದ್ದೆ ಬರಲ್ಲ."

"ನಿನ್ನ ಜಗಲಿ ಮುಂದೇ ಹೋಗ್ತಾವೆ. ನೀನು ಕಾಲು ಚಾಚೋ ಕಡೇಲಿ."

"ಈಗ ಜಗಲಿ ನೆನಪಾಯ್ತಾ?" ಅವಳು ಬಕೆಟ್ಟಿನಿಂದ ಕಾಲು ತೆಗೆದಳು. "ತಪ್ಪು ಮಾಡಿದ್ದು ನೀನು. ಹೋಗೋದು ನನ್ನ ಮನೆ. ದಾರಿ ಇದೆ ಅಂದ್ರೆ ಅದನ್ನೂ ಬೇಡ ಅಂತೀಯ. ನೀನು ನನ್ನಣ್ಣನಾ, ಆ ಪುಸ್ತಕದ ಅಣ್ಣನಾ?"

ಹಗ್ಗದಣ್ಣ ತನ್ನ ಹಿತ್ತಲಿನಲ್ಲಿ ಜಾಗ ಕೊಡುತ್ತೇನೆ, ಅಲ್ಲೇ ಕಟ್ಟಿಕೋ ಎಂದ.

"ಅತ್ತಿಗೆ ಬಟ್ಟೆ ಒಗೆಯೋ ಕಲ್ಲಿಗೆ ಮುಖ ಮಾಡ್ಕೊಂಡು ಕೂತ್ಕೊಳ್ಲಾ? ಹೋಗು, ಮನೇಲಿ ಅನ್ನ ಆರ್ತಾ ಇರುತ್ತೆ."

ಅನ್ನಕ್ಕೆ ಇರು ಎನ್ನದೆ ಅವಳು ಅಣ್ಣನನ್ನು ಕಳಿಸಿದ್ದು ಅದೇ ಮೊದಲು. ಅವನು ಸಹಿಯಿಲ್ಲದ ಅರ್ಜಿಯನ್ನು ಜೇಬಿನಲ್ಲಿಟ್ಟುಕೊಂಡು ನಡೆದುಕೊಂಡೇ ಮನೆಗೆ ಹೋದ.

ಆ ವಾರವೆಲ್ಲ ಅವನಿಗೆ ಬೀದಿಯಲ್ಲಿ ತಲೆಯೆತ್ತಿ ನಡೆಯುವುದು ಕಷ್ಟವಾಯಿತು. ಒಂದನೇ ಬೀದಿಯವರು ನೀರು ಯಾವಾಗ ಎಂದರು. ಎರಡನೇ ಬೀದಿಯವರು ನಿನ್ನೊಬ್ಬನ ಹಟಕ್ಕೆ ನಾವು ಕತ್ತಲಲ್ಲಿ ಕೂರಬೇಕಾ ಎಂದರು. ಮನೆಯಲ್ಲಿ ಹೆಂಡತಿ ಪಾತ್ರೆ ಇಡುವ ಸದ್ದು ಜೋರಾಯಿತು. ಪೋಸ್ಟ್‌ಮಾಸ್ತರರು ಒಬ್ಬರೇ ತಮ್ಮ ಬೇಲಿಯ ಬಳಿ ನಿಲ್ಲಿಸಿ, "ನಂದೇನು, ಹುಲ್ಲು. ಆಕೆ ಬಿಟ್ರೆ ನಾನೂ ಬಿಡ್ತೀನಿ. ಆಕೆ ಬಿಡದೆ ನಾನು ಬಿಟ್ರೆ ಸುತ್ತು ಅರ್ಧಚಂದ್ರ ಆಗುತ್ತೆ, ಅಷ್ಟೇ," ಎಂದರು. ಆ ಅರ್ಧಚಂದ್ರ ಆಗುತ್ತದೆಯೇ ಎಂದು ಹಗ್ಗದಣ್ಣ ನಿಜವಾಗಿಯೂ ಇಂಜಿನಿಯರನ್ನು ಕೇಳಿ ಬಂದ. ಆಗುತ್ತಿರಲಿಲ್ಲ.

ಭಾನುವಾರ ಗೋದಾಮು ಸಾಹುಕಾರರು ಸುಮ್ಮನೆ ಇರಲಾರದೆ ಒಂದು ಕೆಲಸ ಮಾಡಿದರು. ನಾಲ್ಕು ಆಳು ಕರೆತಂದು ಬೇಲಿಯ ಹಲಗೆಗಳನ್ನು ಕಂಬಗಳ ನಡುವಿನಿಂದ ಮೇಲಕ್ಕೆ ಎತ್ತಿಸಿ ಬದಿಗೆ ಒರಗಿಸಿದರು. "ಬಾಯಲ್ಲಿ ಹೇಳಿದ್ರೆ ನಂಬಲ್ಲ. ಒಂದು ಲಾರಿ ಹಾಯಿಸಿ ತೋರಿಸ್ತೀನಿ. ಏನಾಗುತ್ತೆ ನೋಡೇ ಬಿಡೋಣ. ಸಂಜೆಗೆ ಹಲಗೆ ವಾಪಸ್ ಇಡಿಸ್ತೀನಿ," ಎಂದು ಎಲ್ಲರಿಗೂ ಹೇಳಿ ಕಳಿಸಿದ್ದರು. ಕಂಡಕ್ಟರಮ್ಮನಿಗೆ ಮಧ್ಯಾಹ್ನದ ಪಾಳಿ. ಬೆಳಗ್ಗೆಯೇ ಸಮವಸ್ತ್ರದಲ್ಲಿ ಬಂದು, ಅಣ್ಣನ ಕಡೆ ನೋಡದೆ ತನ್ನ ತಳಪಾಯದ ಮೇಲೆ ಹತ್ತಿ ಕೂತಳು. ಹಗ್ಗದಣ್ಣ ಪೋಸ್ಟ್‌ಮಾಸ್ತರರ ಬೇಲಿಗೆ ಒರಗಿ ನಿಂತ. ಬೀದಿಯಲ್ಲಿ ದಿನದಂತೆ ಜನ ಇದ್ದರು. ಒಬ್ಬಾಕೆ ಬೀದಿಯ ಅಂಚಿನಲ್ಲಿ ಚಾಪೆ ಹಾಸಿ ಕಾಳು ಒಣಗಿಸುತ್ತಿದ್ದಳು. ಮುದುಕನೊಬ್ಬ ಹೊಸ್ತಿಲಲ್ಲಿ ಕೂತು ಬೀದಿಗೆ ಕಾಲು ಬಿಟ್ಟುಕೊಂಡು ಗಡ್ಡ ಹೆರೆದುಕೊಳ್ಳುತ್ತಿದ್ದ.

ಲಾರಿ ಬಂತು. ತುಂಬಿದ ಲಾರಿ. ಆಚೆ ರಸ್ತೆಯ ಅಗಲದ ಮೂಲೆಯಲ್ಲಿ ಬಳಸಿ ತಿರುಗಿ, ಕಂಬಗಳ ನಡುವೆ ಹಾದು, ತಳಪಾಯದ ಮುಂದಿನಿಂದ ಸರಿದು, ಬೀದಿಯುದ್ದಕ್ಕೂ ಹೋಗಿ ಆ ತುದಿಯಲ್ಲಿ ನಿಂತಿತು. ಎಲ್ಲಿಯೂ ತಾಗಲಿಲ್ಲ. ಯಾರಿಗೂ ಏನೂ ಆಗಲಿಲ್ಲ. ಗಡ್ಡ ಹೆರೆದುಕೊಳ್ಳುತ್ತಿದ್ದ ಮುದುಕ ಕಾಲು ಎಳೆದುಕೊಂಡ, ಲಾರಿ ಹೋದ ಮೇಲೆ ಮತ್ತೆ ಚಾಚಿದ. ಕಾಳಿನ ಮೇಲೆ ಒಂದಿಷ್ಟು ಧೂಳು ಕೂತಿತು.

"ನೋಡಿದ್ರಾ? ಬೆಣ್ಣೇಲಿ ಕೂದಲು ತೆಗೆದಂಗೆ," ಎಂದರು ಸಾಹುಕಾರರು.

ಲಾರಿಯ ಡ್ರೈವರು ಇಳಿದು ಬೆವರು ಒರೆಸಿಕೊಳ್ಳುತ್ತ ನಡೆದುಬಂದ. ಅವನಿಗೆ ಖುಷಿಯಾಗಿತ್ತು. "ಒಳ್ಳೇ ದಾರಿ ಸಾಹುಕಾರ್ರೇ. ಇಲ್ಲಿಂದ ಹೆದ್ದಾರಿ ಕಾಣುತ್ತೆ. ಇಷ್ಟು ದಿನ ಆ ಕಡೆ ಸುತ್ಕೊಂಡು ಸಾಯ್ತಿದ್ವಿ. ನಮ್ಮ ಹುಡುಗರಿಗೆಲ್ಲ ಹೇಳ್ತೀನಿ."

"ಅಣ್ಣಾ," ಎಂದಳು ಕಂಡಕ್ಟರಮ್ಮ, ಡ್ರೈವರಿಗೆ. "ಆ ಕಂಬ ದಾಟುವಾಗ ಗೇರ್ ಇಳಿಸಿದೆಯಾ?"

ಡ್ರೈವರು ಯೋಚಿಸಿದ. "ಇಳಿಸಲಿಲ್ಲ ಅಕ್ಕ. ಇಳಿಸೋ ಅಗತ್ಯ ಬೀಳಲಿಲ್ಲ. ದಾರಿ ಅಷ್ಟು ಸಲೀಸು."

"ಹಾರ್ನು?"

"ಎದುರಿಗೆ ಯಾರೂ ಇರಲಿಲ್ಲವಲ್ಲ."

ಅವಳು ತಲೆಯಾಡಿಸಿದಳು. ಇಷ್ಟು ವರ್ಷ ಬಸ್ಸಿನ ಹಿಂಬಾಗಿಲಲ್ಲಿ ನಿಂತವಳಿಗೆ ಗೇರಿನ ಸದ್ದು ಕಿವಿಯಲ್ಲೇ ತಿಳಿಯುತ್ತಿತ್ತು. ಅವಳು ಅವನನ್ನು ಕೇಳಿದ್ದು ಗೊತ್ತಿಲ್ಲದೆ ಅಲ್ಲ. ಡ್ರೈವರು ಕೆಟ್ಟವನಲ್ಲ, ಕುಡಿದವನಲ್ಲ, ಅವಸರದವನೂ ಅಲ್ಲ. ದಾರಿ ಬಿಟ್ಟಷ್ಟು ವೇಗದಲ್ಲಿ ಬಂದಿದ್ದ. ನಾಳೆ ಇನ್ನೊಬ್ಬನೂ ಹಾಗೆಯೇ ಬರುತ್ತಾನೆ. ಜಗಲಿಯ ಮೇಲೆ ಕೂತು ಅವಳು ದಿನವೂ ಅವನು ಗೇರ್ ಇಳಿಸಿದನೋ ಇಲ್ಲವೋ ಎಂದು ಕೇಳಿಸಿಕೊಳ್ಳುತ್ತ ಇರಬೇಕು.

ಅವಳು ತಳಪಾಯದಿಂದ ಕೆಳಗಿಳಿದು ಅಣ್ಣನ ಮುಂದೆ ಬಂದು ನಿಂತಳು.

"ಅರ್ಜಿ ಎಲ್ಲಿ?"

ಹಗ್ಗದಣ್ಣ ಜೇಬಿನಿಂದ ತೆಗೆದು ಕೊಟ್ಟ. ಅವಳು ಅದನ್ನು ಓದಲಿಲ್ಲ, ಮಡಚಿ ಸಾಹುಕಾರರ ಕೈಗೆ ಕೊಟ್ಟಳು. "ಹಲಗೆ ಸಂಜೆವರೆಗೆ ಯಾಕೆ, ಈಗಲೇ ಇಡಿಸಿಬಿಡಿ. ಆಳುಗಳು ಇಲ್ಲೇ ಇದಾರಲ್ಲ."

"ಏನಮ್ಮ ಇದು, ನಿನ್ನ ಮನೆ ಉಳಿಸೋಕೆ ಅಂತ ನಾನು..."

"ನೀವು ಒಳ್ಳೇದಕ್ಕೇ ಮಾಡಿದ್ರಿ ಸಾಹುಕಾರ್ರೇ. ಲಾರಿ ಚೆನ್ನಾಗೇ ಬಂತು. ಅದಕ್ಕೇ ಬೇಡ."

ಸಾಹುಕಾರರು ಮುಖ ಗಂಟು ಹಾಕಿಕೊಂಡರು. ಹೆದ್ದಾರಿಗೆ ಹತ್ತಿರದ ದಾರಿ ಕೈಗೆ ಬಂದಂತೆ ಬಂದು ಜಾರಿತ್ತು. ಆದರೆ ಹಲಗೆ ಇಡಿಸಿದರು.

ಹಲಗೆಗಳು ಒಂದೊಂದಾಗಿ ಕಂಬಗಳ ನಡುವೆ ಇಳಿಯುತ್ತಿರುವಾಗ ಅವಳು ಮೇಸ್ತ್ರಿಯನ್ನು ಕರೆದು ಮಾತಿಗೆ ನಿಂತಳು. ಕಲ್ಲು ಒಡೆಯದೆ ಬಿಚ್ಚಬಹುದೇ, ಬಿಚ್ಚಿದ್ದನ್ನು ಮತ್ತೆ ಹಾಕಬಹುದೇ, ಮನೆಯನ್ನು ಹಿಂದಕ್ಕೆ ಸರಿಸಿದರೆ ಎಷ್ಟು ಉಳಿಯುತ್ತದೆ. ಮೇಸ್ತ್ರಿ ಸೈಟನ್ನು ಹೆಜ್ಜೆಯಲ್ಲಿ ಅಳೆದು ಬಂದು, ಕೋಣೆ ಎರಡು ಬೇಕೆಂದರೆ ಜಗಲಿ ಇಲ್ಲ, ಜಗಲಿ ಬೇಕೆಂದರೆ ಕೋಣೆ ಒಂದೇ ಎಂದ. ಹಿತ್ತಲು ಎಂಬುದು ಹೆಸರಿಗೂ ಉಳಿಯುವುದಿಲ್ಲ, ಬಟ್ಟೆ ಒಣಗಿಸಬೇಕಾದರೆ ತಾರಸಿಯ ಮೇಲೆ ಎಂದ.

"ಭಾವನ್ನ ಕೇಳಬೇಡ್ವಾ?" ಎಂದ ಹಗ್ಗದಣ್ಣ.

"ಅವರು ವಾರಕ್ಕೊಂದು ರಾತ್ರಿ ಇರೋರು. ಅವರಿಗೆ ಒಂದು ಕೋಣೆ ಸಾಕು." ಅವಳು ಮೇಸ್ತ್ರಿಯ ಕಡೆ ತಿರುಗಿದಳು. "ಕೋಣೆ ಒಂದೇ ಹಾಕಿ."

ಗುರುವಾರ ಇಂಜಿನಿಯರು ಉಕ್ಕಿನ ಟೇಪು ಹಿಡಿದುಕೊಂಡು ಬಂದರು. ಮೇಸ್ತ್ರಿ ಆ ವೇಳೆಗೆ ಮುಂದಿನ ಸಾಲಿನ ಕಲ್ಲುಗಳನ್ನು ಬಿಚ್ಚಿ ಬದಿಗೆ ಪೇರಿಸಿದ್ದ. ಪೋಸ್ಟ್‌ಮಾಸ್ತರರು ತಮ್ಮ ಬೇಲಿಯ ತಂತಿಯನ್ನು ತಾವೇ ಸುತ್ತಿಟ್ಟು, ಕುರ್ಚಿ ಹಾಕಿಕೊಂಡು ಕೂತಿದ್ದರು. ಕಂಡಕ್ಟರಮ್ಮ ಅರ್ಧ ದಿನ ರಜೆ ಹಾಕಿ ಬಂದಿದ್ದಳು. ಇಂಜಿನಿಯರು ನಡುವೆ ಗೂಟ ಹೊಡೆದು, ಟೇಪಿನ ಡಬ್ಬಿಯನ್ನು ಅಭ್ಯಾಸದಂತೆ ಹಗ್ಗದಣ್ಣನ ಕಡೆ ಚಾಚಿದರು.

"ಇಲ್ಲಿ ಕೊಡಿ," ಎಂದಳು ಅವಳು. "ಓದೋದು ನಾನು. ಅಣ್ಣ, ನೀನು ಆ ತುದಿ ಹಿಡ್ಕೊ. ಗೂಟದ ಹತ್ರ."

ಅವಳು ಅದನ್ನು ಸಿಟ್ಟಿನಲ್ಲಿ ಹೇಳಲಿಲ್ಲ. ನಾಲ್ಕು ಜನ ಕೇಳುತ್ತಿದ್ದರೆಂದು ದನಿ ತಗ್ಗಿಸಿಯೂ ಹೇಳಲಿಲ್ಲ. ಹಗ್ಗದಣ್ಣ ಗೂಟದ ಬಳಿ ಕುಕ್ಕರಗಾಲಲ್ಲಿ ಕೂತು ಟೇಪಿನ ಕೊಂಡಿಯನ್ನು ಅದರ ತಲೆಯ ಮೊಳೆಗೆ ಸಿಕ್ಕಿಸಿ ಹಿಡಿದುಕೊಂಡ. ಅವಳು ಟೇಪು ಬಿಚ್ಚುತ್ತ ಹಿಂದೆ ಹಿಂದೆ ಸರಿದಳು, ಹಳೆಯ ಕಲ್ಲು ದಾಟಿದಳು, ತಾನು ಕೂರುತ್ತಿದ್ದ ಜಾಗ ದಾಟಿದಳು.

"ಬಿಗಿ ಹಿಡಿ," ಎಂದಳು.

ಅವನು ಬಿಗಿ ಹಿಡಿದ. ಸುಣ್ಣ ಹಿಡಿದು ನಿಂತಿದ್ದ ಆಳು ಅವಳ ಪಾದದ ಬಳಿ ಒಂದು ಗುರುತು ಹಾಕಿದ. ಅವಳು ಪಕ್ಕಕ್ಕೆ ಒಂದು ಹೆಜ್ಜೆ ಸರಿದು ಮತ್ತೆ ಬಿಗಿ ಎಂದಳು. ಒಂಬತ್ತರ ಅಂಕಿ ಎಲ್ಲಿ ಬಿತ್ತು ಎಂದು ಹಗ್ಗದಣ್ಣ ಕೇಳಲಿಲ್ಲ.